ಕಡಲ ಬಂಡೆಗೆ ಚರಗ

ನಮ್ಮ ಬೆಳಗಾವಿಯವರಿಗೆ ಸಮುದ್ರ ನೋಡಲು ಬರುವುದಿಲ್ಲ. ಹೀಗೆಂದರೆ ಅನಗೋಳದ ನಮ್ಮ ಓಣಿಯ ಹೆಣ್ಣುಮಕ್ಕಳು ನನ್ನ ಮೇಲೆ ಏರಿ ಬರುತ್ತಾರೆ. ಬರಲಿ. ವರ್ಷಕ್ಕೊಮ್ಮೆ ಗಾಡಿ ಮಾಡಿಕೊಂಡು ಘಟ್ಟ ಇಳಿಯುತ್ತಾರೆ, ಉಸುಕಿನ ಮೇಲೆ ಚಾಪೆ ಹಾಸಿ ಕಟ್ಟಿಕೊಂಡು ಬಂದ ಚಪಾತಿ ಬಿಚ್ಚುತ್ತಾರೆ, ಮಕ್ಕಳನ್ನು ಒಂಟೆಯ ಮೇಲೆ ಕೂರಿಸುತ್ತಾರೆ. ಡಾಲ್ಫಿನ್ ತೋರಿಸುತ್ತೇವೆ ಎಂದವರ ದೋಣಿ ಹತ್ತಿ, ಎರಡು ಕಪ್ಪು ಬೆನ್ನು ಕಂಡವೋ ಇಲ್ಲವೋ ಎಂದು ಜಗಳಾಡುತ್ತಲೇ ಇಳಿಯುತ್ತಾರೆ. ಕೊನೆಗೆ ಸಮುದ್ರಕ್ಕೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಂಡರೆ ಪ್ರವಾಸ ಮುಗಿಯಿತು. ಉಸುಕು ಮುಗಿದು ಕರಿ ಬಂಡೆಗಳು ಶುರುವಾಗುವ ಕಡೆ ಯಾರೂ ಹೋಗುವುದಿಲ್ಲ. ನೋಡುವಂಥದ್ದು ಇರುವುದೇ ಅಲ್ಲಿ ಎಂದು ಹೇಳಿ ಹೇಳಿ ನನ್ನ ಬಾಯಿಗೆ ನೋವು ಬಂದಿದೆ.

ನಾನಾದರೂ ತಡವಾಗಿ ಕಲಿತವಳೇ. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದೆ. ಬೆಳಿಗ್ಗೆ ರೈಲು, ಸಂಜೆ ಸಿಕ್ಕ ಬಸ್ಸು, ಅದೇ ನನ್ನ ಲೋಕಸಂಚಾರ. ಶಾಲೆಯ ಪ್ರಯೋಗಶಾಲೆಯ ಕಪಾಟಿನಲ್ಲಿ ಆರು ಗಾಜಿನ ಭರಣಿಗಳಿದ್ದವು. ಒಂದರಲ್ಲಿ ನಕ್ಷತ್ರ ಮೀನು, ಒಂದರಲ್ಲಿ ಹೂವಿನಂತೆ ಕಾಣುವ ಪ್ರಾಣಿ ಕಡಲ ಹೂ, ಒಂದರಲ್ಲಿ ಯಾರದೋ ಶಂಖ ಹೊಕ್ಕು ಕುಳಿತ ಸನ್ಯಾಸಿ ಏಡಿ. ಎಲ್ಲವೂ ಫಾರ್ಮಲಿನ್ನಿನಲ್ಲಿ ನೆನೆದು ಹಳೆಯ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿದ್ದವು. ಒಮ್ಮೆ ಮೊದಲ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, "ಟೀಚರ್, ಇದು ಜೀವಂತ ಇದ್ದಾಗ ಯಾವ ಬಣ್ಣ ಇರತಿತ್ರೀ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಪರೀಕ್ಷಾದಾಗ ಬಣ್ಣ ಕೇಳೂದಿಲ್ಲ, ಕುಂದ್ರು" ಎಂದು ಬಾಯಿ ಮುಚ್ಚಿಸಿದೆ. ಆ ಮಾತು ಎಷ್ಟೋ ವರ್ಷ ನನ್ನನ್ನೇ ಕುಟುಕುತ್ತಿತ್ತು.

ನಿವೃತ್ತಿಯಾದ ವರ್ಷವೇ ಆ ಬಣ್ಣ ನೋಡಲು ಹೊರಟೆ. ಖಾನಾಪುರ, ರಾಮನಗರ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದರೆ ಕಾರವಾರ. ಅಲ್ಲಿಂದ ದಕ್ಷಿಣಕ್ಕೆ, ಗುಡ್ಡದ ಸಾಲೊಂದು ನೇರ ನೀರಿಗೆ ನುಗ್ಗಿ ಒಡೆದು ನಿಂತಿರುವಲ್ಲಿ, ಮೀನುಗಾರರ ಒಂದು ಸಣ್ಣ ಕೇರಿ ಇದೆ. ಕೇರಿಯ ಕೊನೆಯ ಮನೆಯ ಅಂಗಳ ದಾಟದೆ ಬಂಡೆಗೆ ಇಳಿಯುವ ದಾರಿಯೇ ಇಲ್ಲ. ಆ ಅಂಗಳಕ್ಕೆ ಮುಳ್ಳಿನ ಬೇಲಿ, ಬೇಲಿಗೆ ಒಂದು ತಡಿಕೆ ಬಾಗಿಲು, ಬಾಗಿಲಿಗೆ ಒಬ್ಬ ಮಾವಶಿ, ಅಂದರೆ ಚಿಕ್ಕಮ್ಮ; ಕೇರಿಯವರೆಲ್ಲ ಅವಳನ್ನು ಕರೆಯುವುದು ಹಾಗೆಯೇ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಬಂಡೆಗೆ ಅಂಟಿದ ಸಿಂಪಿಗಳನ್ನು ಕತ್ತಿಯಿಂದ ಎಬ್ಬಿಸಿ ಮಾರಿ ಬದುಕಿದವಳು. ಅವಳದು ಕೊಂಕಣಿ, ನನ್ನದು ಖಾನಾಪುರದ ಮರಾಠಿ, ಎರಡೂ ಸಾಲದಾದಾಗ ಕನ್ನಡ. ಅವಳ ಮಾತನ್ನು ಇಲ್ಲಿ ನಾನೇ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಹಿಂದೊಮ್ಮೆ ಘಟ್ಟದ ಮೇಲಿನಿಂದ ಬಂದ ಪ್ರವಾಸಿಗರ ಗುಂಪೊಂದು ನಕ್ಷತ್ರ ಮೀನುಗಳನ್ನು ನೀರಿನ ಬಾಟಲಿಯಲ್ಲಿ ತುಂಬಿಕೊಂಡು ಹೋಗಿತ್ತಂತೆ. ಹೊಂಡಗಳಲ್ಲಿ ಚಿಪ್ಸ್ ಪಾಕೀಟು ಬಿಟ್ಟು ಹೋಗಿತ್ತಂತೆ. ಅಂದಿನಿಂದ ಅವಳು ಯಾರನ್ನೂ ಬಿಡುತ್ತಿರಲಿಲ್ಲ. ನಾನು ಮೂರು ಸಲ ಹೋಗಿ ಅವಳ ಅಂಗಳದಲ್ಲಿ ಹಟ ಹಿಡಿದು ಕುಳಿತೆ. ಮೂರನೆಯ ಸಲ ತಡಿಕೆ ಸರಿಸಿದಳು, ಒಂದೇ ಕರಾರಿನ ಮೇಲೆ: "ಇಲ್ಲಿಂದ ಏನೂ ಒಯ್ಯಬಾರದು, ಇಲ್ಲಿ ಏನೂ ಹಾಕಬಾರದು. ನಿನ್ನ ಜೊತೆ ಬಂದವರು ತಪ್ಪಿದರೂ ನೀನು ತಪ್ಪಿದಂತೆಯೇ. ಒಮ್ಮೆ ತಪ್ಪಿದರೆ ಈ ಬಾಗಿಲು ನಿನಗಿಲ್ಲ." ನಾನು ಮಾತು ಕೊಟ್ಟೆ.

ಆಮೇಲೆ ಹುಣ್ಣಿಮೆ ನೋಡಿ ನಾಲ್ಕಾರು ಸಲ ಹೋಗಿ ಬಂದೆ, ಪ್ರತಿ ಸಲವೂ ಒಬ್ಬಳೇ. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತಮುತ್ತ ಸಮುದ್ರ ಹೆಚ್ಚು ಏರುತ್ತದೆ, ಹಾಗೆಯೇ ಹೆಚ್ಚು ಇಳಿಯುತ್ತದೆ. ಇಳಿದಾಗ ಬಂಡೆಗಳ ನಡುವಿನ ಹೊಂಡಗಳು ಬಾಯಿ ಬಿಡುತ್ತವೆ. ಆದರೆ ನಕ್ಷತ್ರ ಮೀನು ಒಮ್ಮೆಯೂ ಸಿಗಲಿಲ್ಲ, ತುತ್ತತುದಿಯ ದೊಡ್ಡ ಹೊಂಡವೂ ಒಮ್ಮೆಯೂ ಕಾಣಲಿಲ್ಲ. ಅದು ಕಾಣಬೇಕಾದರೆ ಚಳಿಗಾಲದ ನಡುವಿನ ಅಮಾವಾಸ್ಯೆಗೆ ಬಾ, ಬೆಳಕು ಹರಿಯುವ ಹೊತ್ತಿಗೆ ಬಾ ಎಂದಳು ಮಾವಶಿ. ಪಂಚಾಂಗ ನೋಡಿದರೆ ಅದು ಎಳ್ಳ ಅಮಾವಾಸ್ಯೆ. ನೋಡುವುದಾದರೆ ಒಬ್ಬಳೇ ಯಾಕೆ, ಈ ಸಲ ಓಣಿಯವರಿಗೂ ತೋರಿಸಿಯೇ ತೀರುತ್ತೇನೆ ಎಂದು ಪಣ ತೊಟ್ಟೆ.

ನಮ್ಮ ಕಡೆ ಎಳ್ಳ ಅಮಾವಾಸ್ಯೆ ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ಅಂದು ಇಡೀ ಮನೆ ಹೊಲಕ್ಕೆ ಹೋಗುತ್ತದೆ. ತೆನೆ ಹೊತ್ತು ಬಸುರಿಯಾಗಿ ನಿಂತ ಭೂಮಿತಾಯಿಗೆ ಎಡೆ ಮಾಡಿ, ಸಜ್ಜಿ ರೊಟ್ಟಿ, ಕಡಬು, ಪಲ್ಯ, ಮೊಸರು ಕಲಸಿದ ನುಚ್ಚು ಎಲ್ಲವನ್ನೂ ಕೂಡಿಸಿ, ಉದ್ದಕ್ಕೆ ಕೂಗು ಹಾಕುತ್ತ ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಅಂಥ ದಿನ ಹೊಲ ಬಿಟ್ಟು ಸಮುದ್ರಕ್ಕೆ ಬನ್ನಿರೆಂದರೆ ಯಾರು ಬರುತ್ತಾರೆ? ಓಣಿಯಲ್ಲಿ ಹೊಲವಿಲ್ಲದ ಏಳು ಹೆಣ್ಣುಮಕ್ಕಳನ್ನು ಹುಡುಕಿದೆ. ಅವರಿಗೂ ನನಗಾಗಿ ಬರುವುದಕ್ಕಿಂತ ಒಂದು ದಿನ ಅಡಿಗೆಮನೆ ತಪ್ಪಿಸಿಕೊಳ್ಳುವ ಆಸೆಯೇ ದೊಡ್ಡದಿತ್ತು.

ಗಾಡಿಯವನದು ಬೇರೆ ತಕರಾರು. ಆಟೋ ನಗರದಲ್ಲಿ ಗ್ಯಾರೇಜು ಇಟ್ಟುಕೊಂಡು ಒಂದು ಟೆಂಪೊ ಓಡಿಸುವ ಹಿರಿಯ ಮನುಷ್ಯ ಆತ. "ಅಮಾಸಿಗೆ ಪೂಜಾ ಆಗದ ನಮ್ಮ ಗಾಲಿ ಹೊಳ್ಳೂದಿಲ್ರೀ ಟೀಚರ್. ಅದೂ ಎಳ್ಳ ಅಮಾಸಿ ಅಂತೀರಿ" ಎಂದ.

"ಹಿಂದಿನ ದಿನಾನ ಹೋಗೂಣು. ಪೂಜಾ ಅಲ್ಲೇ ಮಾಡ್ರಿ. ಅಲ್ಲೇನು ನಿಂಬಿಹಣ್ಣು ಸಿಗೂದಿಲ್ಲೇನ್ರಿ? ತೆಂಗಿನಕಾಯಿ ಅಂತೂ ತಲಿ ಮ್ಯಾಲ ಬೀಳತಾವ."

"ನಿಮ್ಮ ಬಾಯಿಗೆ ಹತ್ತಾವ್ರು ಯಾರಿದಾರ್ರೀ" ಎಂದು ಒಪ್ಪಿಕೊಂಡ.

ಇನ್ನು ನನ್ನ ಅಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಖಾನಾಪುರ ತಾಲೂಕಿನ ಪೂರ್ವಕ್ಕೆ ಎರೆಭೂಮಿಯ ಹಳ್ಳಿಗೆ ಕೊಟ್ಟವಳು. ಎಪ್ಪತ್ತು ದಾಟಿದರೂ ಸಮುದ್ರ ಕಂಡವಳಲ್ಲ. ಅವಳನ್ನು ಕರೆದೊಯ್ಯುತ್ತೇನೆ ಎಂದು ಫೋನು ಮಾಡಿದಾಗ ಭಾವ ಸಿಡಿದರು. "ಎಳ್ಳ ಅಮಾಸಿ ದಿನ ಮನಿ ಹಿರೇ ಹೆಣಮಗಳು ಹೊಲ ಬಿಟ್ಟು ಉಪ್ಪನೀರು ನೋಡಾಕ ಹೋಗತಾಳೇನ?"

"ಹೂನ್ರೀ, ಹೋಗತಾಳ. ಐವತ್ತು ವರ್ಷ ನಿಮ್ಮ ಹೊಲಾ ನೋಡ್ಯಾಳ. ಈ ಒಂದು ವರ್ಷ ಸೊಸಿ ಚರಗ ಚೆಲ್ಲಲಿ, ಭೂಮಿತಾಯಿ ಏನೂ ಸಿಟ್ಟಾಗೂದಿಲ್ಲ" ಎಂದು ಫೋನು ಇಟ್ಟೆ. ಭಾವನವರಿಗೆ ಎದುರಾಡಿದ್ದು ಅದೇ ಮೊದಲು, ಮಜವಾಗಿತ್ತು. ಅಕ್ಕ ಮಾತ್ರ ಒಂದೇ ಮಾತಿಗೆ ಹೂಂ ಅಂದಳು. ಅವಳು ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಖಾನಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅವಳನ್ನು ಹತ್ತಿಸಿಕೊಂಡೆವು. ಬಗಲಲ್ಲಿ ಬಟ್ಟೆ ಮುಚ್ಚಿದ ಒಂದು ಬುಟ್ಟಿ. "ಎಲ್ಲಾರಿಗೂ ತಿನ್ನಾಕ" ಎಂದಳು. ಬಾಜೂ ಕುಳಿತವರು ಮುಸುಕು ಸರಿಸಲು ಹೋದರೆ ಕೈಗೆ ಒಂದೇಟು ಕೊಟ್ಟಳು. ಅಣಶಿ ಘಟ್ಟದಲ್ಲಿ ಗಾಡಿ ನಿಲ್ಲಿಸಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಜೋಡಿಯೊಂದನ್ನು ತೋರಿಸಿದೆ. ರೆಕ್ಕೆಯ ಸಪ್ಪಳ ಕೇಳಿ ಓಣಿಯವರು ಬೆರಗಾದರು. ಅಕ್ಕ ಮಾತ್ರ ಬುಟ್ಟಿಯ ಮೇಲಿಂದ ಕೈ ತೆಗೆಯಲಿಲ್ಲ. ಸಂಜೆ ಮಾವಶಿಯ ಅಂಗಳ ಮುಟ್ಟಿದಾಗ ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕರಾರು ಓದಿ ಹೇಳಿದೆ. ಚಿಪ್ಪು ಆರಿಸಬೇಡಿ, ಕಸ ಬಿಸಾಡಬೇಡಿ, ಕಾಗದ ಬಿಸಾಡಬೇಡಿ. ಒಬ್ಬರು ತಪ್ಪಿದರೂ ಬಾಗಿಲು ಎಲ್ಲರಿಗೂ ಮುಚ್ಚುತ್ತದೆ ಎಂದೆ. ಅಕ್ಕನೂ ತಲೆಯಾಡಿಸಿದಳು.

ಮರುದಿನ ಬೆಳಕು ಮೂಡುವಾಗ ಬಂಡೆಗೆ ಇಳಿದೆವು. ಸಮುದ್ರ ಎಷ್ಟು ಹಿಂದೆ ಸರಿದಿತ್ತೆಂದರೆ, ನಾನು ಹುಣ್ಣಿಮೆಗೆ ಬಂದಾಗ ನೀರಿದ್ದ ಜಾಗವೆಲ್ಲ ಕಪ್ಪಗೆ, ಒದ್ದೆಯಾಗಿ, ಹೊಗೆಯಾಡುವಂತೆ ಬಿದ್ದಿತ್ತು. ಮೇಲೆ ಗಾಳಿಮರದ ತುದಿಯ ದೊಡ್ಡ ಗೂಡಿನಿಂದ ಬಿಳಿ ಎದೆಯ ಕಡಲ ಹದ್ದು ಎದ್ದು ನಮ್ಮ ಮೇಲೆ ಒಂದು ಸುತ್ತು ಹಾಕಿತು. ಮಂಡಿನೋವಿನ ನಾನು ಇದಕ್ಕೆಂದೇ ದಪ್ಪ ಅಡಿಯ ಬೂಟು ಕೊಂಡಿದ್ದೆ. ಸಪ್ಪಳ ಮಾಡುತ್ತಾ, ಎಲ್ಲರಿಗಿಂತ ಮುಂದೆ, ಪಾಠ ಹೇಳುತ್ತಾ ನಡೆದೆ.

ಹೇಳುವುದಕ್ಕೆ ಇತ್ತೂ ಅಷ್ಟು. ಅಂಗೈಯಗಲದ ನೀರಿನಲ್ಲಿ ಕಡಲ ಹೂಗಳು ಅರಳಿಕೊಂಡಿದ್ದವು, ಹಸಿರು, ತುದಿಗೆ ನೇರಳೆ. ನೆರಳು ಬಿದ್ದರೆ ಸಾಕು, ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಕಲ್ಲಿನ ಸಂದಿಯಲ್ಲಿ ಮುಳ್ಳುಚೆಂಡುಗಳು ತಮ್ಮ ಕರಿ ಮುಳ್ಳುಗಳನ್ನು ಒಂದೊಂದಾಗಿ ಹೊಳ್ಳಿಸುತ್ತಿದ್ದವು. ಸನ್ಯಾಸಿ ಏಡಿಯೊಂದು ಇನ್ನೊಂದರ ಶಂಖವನ್ನು ಕಸಿಯಲು ಜಗ್ಗಾಡುತ್ತಿತ್ತು. ಹೆಸರಿಗೆ ಸನ್ಯಾಸಿ, ಮನೆಗಾಗಿ ಜಗಳ ಎಂದು ಓಣಿಯವರು ನಕ್ಕರು. ಮತ್ತೆ ಆ ನಕ್ಷತ್ರ ಮೀನು! ಕಲ್ಲಿನ ಕೆಳಗೆ, ಐದು ತೋಳು ಚಾಚಿ, ಹಣ್ಣಾದ ಮೆಣಸಿನಕಾಯಿಯ ಕೆಂಪು. ನನ್ನ ಕಣ್ಣಲ್ಲಿ ನೀರು ಬಂತು. ಆ ಮೊದಲ ಬೆಂಚಿನ ಹುಡುಗಿ ಈಗ ಎಲ್ಲಿದ್ದಾಳೋ, ಅವಳಿಗೆ ಕೂಗಿ ಹೇಳಬೇಕೆನ್ನಿಸಿತು.

ಆಗಲೇ ನನ್ನ ಬೆನ್ನ ಹಿಂದೆ ಒಂದು ಕೂಗು ಕೇಳಿಸಿತು. ಬೆಳೆದ ಜೋಳದ ಮೇಲೆ ಹಾಯಿಸುವಂಥ ಉದ್ದನೆಯ ಕೂಗು. ತಿರುಗಿ ನೋಡಿದರೆ, ನಾನು ಪಾಠದಲ್ಲಿ ಮುಳುಗಿದ್ದಾಗ ನಮ್ಮನ್ನು ದಾಟಿ ಹೋಗಿ, ತುತ್ತತುದಿಯ ಆ ದೊಡ್ಡ ಹೊಂಡದ ದಂಡೆಯಲ್ಲಿ ಅಕ್ಕ ನಿಂತಿದ್ದಳು. ಸೀರೆ ಎತ್ತಿ ಕಟ್ಟಿ, ತಲೆಯ ಮೇಲೆ ಸೆರಗು ಹೊತ್ತು, ಬುಟ್ಟಿಯೊಳಗೆ ಕೈ ಹಾಕಿ ಹಾಕಿ ನೀರಿಗೆ ಚೆಲ್ಲುತ್ತಿದ್ದಳು. ಮೊಸರು ಕಲಸಿದ ನುಚ್ಚು, ರೊಟ್ಟಿಯ ಚೂರು, ಕಡಬು. ಚರಗ!

ನಾನು ಓಡಿದೆ. ಮಂಡಿಯ ನೆನಪಾಗಲಿಲ್ಲ, ಎಲ್ಲಿ ಕಾಲಿಟ್ಟೆನೆಂಬ ಎಚ್ಚರವೂ ಇರಲಿಲ್ಲ. ಹೋಗಿ ಅವಳ ಕೈಯ ಬುಟ್ಟಿ ಕಸಿದುಕೊಂಡೆ. ಮಾವಶಿಗೆ ಕೊಟ್ಟ ಮಾತು, ಮೂರು ಸಲದ ಹಟ, ಎಲ್ಲ ನೀರುಪಾಲಾಯಿತು ಎಂಬ ಸಿಟ್ಟು ನೆತ್ತಿಗೇರಿತ್ತು. "ತಲಿ ಐತೇನ ನಿನಗ? ಏನೂ ಹಾಕಬ್ಯಾಡ್ರಿ ಅಂತ ಹೇಳಿದ್ನೋ ಇಲ್ಲೋ? ಇದು ನಿನ್ನ ಹೊಲಾ ಅಲ್ಲ! ನಾಕ ಅಕ್ಷರ ಓದಿದ್ದರ ತಿಳೀತಿತ್ತು!" ಎಂದು ಏಳು ಜನರ ಎದುರು ಕಿರುಚಿದೆ.

ಅಕ್ಕ ಬುಟ್ಟಿ ಬಿಟ್ಟುಕೊಟ್ಟಳು, ತಲೆ ಮಾತ್ರ ತಗ್ಗಿಸಲಿಲ್ಲ. "ಕಸಾ ಹಾಕಬ್ಯಾಡ ಅಂದಿದ್ದಿ. ಚರಗ ಕಸಾ ಏನ? ಭೂಮಿತಾಯಿ ದಂಡಿಗೆ ಬಂದು ಮುಗದ ಬಿಡತಾಳೇನ? ಈ ನೀರಿನ ಬುಡಕ್ಕೂ ಆಕೀನ ಅದಾಳ. ನೋಡಿಲ್ಲಿ, ಹೆಂಗ ಬಸಿರಾಗಿ ಕುಂತಾಳ. ಇಂಥಾಕಿಗೆ ಒಂದು ತುತ್ತು ಇಡದ ಹೋಗಲೇನ?" ಎಂದಳು. ಆಮೇಲೆ ದನಿ ಇಳಿಸಿ ಹೇಳಿದಳು: "ಓದಾಕಂತೂ ನಿನ್ನ ಬಗಲಾಗ ಹೊತಗೊಂಡು ಸಾಲಿಗೆ ಹೋಗಾಕ ಬರತಿದ್ದಿಲ್ಲ ಬಿಡು."

ಅದು ಖರೇ. ನಾನು ಹುಟ್ಟಿದ ವರ್ಷ ಅವ್ವ ಹಾಸಿಗೆ ಹಿಡಿದಳು, ನನ್ನನ್ನು ಎತ್ತಿಕೊಳ್ಳಲೆಂದು ಅಕ್ಕನ ಶಾಲೆ ಬಿಡಿಸಿದರು. ನಾನು ಓದಿದ್ದೆಲ್ಲ ಅವಳು ಓದದೆ ಉಳಿದ ಲೆಕ್ಕದಲ್ಲಿ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತಾಗಿತ್ತು. ನಾನೇ ಆಡಿಸಿದೆ. ನಾಚಿಕೆಯಾಯಿತು, ಆದರೆ ನಾಚಿಕೆಪಡುತ್ತ ನಿಲ್ಲಲು ಹೊತ್ತಿರಲಿಲ್ಲ. ನೀರು ಏರುವ ಮೊದಲು ಹೊಂಡ ಶುಚಿ ಮಾಡಬೇಕು, ಮಾವಶಿ ಬರುವ ಮೊದಲು ಮಾಡಬೇಕು.

ಓಣಿಯವರೆಲ್ಲ ಹೊಂಡದ ಸುತ್ತ ಕೂತರು. ರೊಟ್ಟಿಯ ಚೂರು, ಕಡಬು ಬೇಗ ಸಿಕ್ಕವು. ನುಚ್ಚು ಮಾತ್ರ ಕಡಲ ಹೂಗಳ ಎಳೆಗಳ ನಡುವೆ ಸಿಕ್ಕಿಕೊಂಡಿತ್ತು. ನಮ್ಮ ಕೈ ತಗಲಿದರೆ ಹೂ ಮುಚ್ಚಿಕೊಂಡು ಕಾಳನ್ನು ಒಳಗೇ ಎಳೆದುಕೊಳ್ಳುತ್ತಿತ್ತು. ಅಕ್ಕ ನಮ್ಮನ್ನೆಲ್ಲ ಹಿಂದೆ ಸರಿಸಿದಳು. ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಎರಡೇ ಬೆರಳಿನಿಂದ, ಮೊರದಲ್ಲಿ ಜೋಳದ ಹರಳು ಆರಿಸುವಂತೆ ಒಂದೊಂದೇ ನುಚ್ಚು ಎತ್ತಿದಳು. ಹೂಗಳಿಗೆ ಅವಳ ಬೆರಳು ಬಂದದ್ದೇ ತಿಳಿಯಲಿಲ್ಲ. ಅಷ್ಟು ಹೊತ್ತೂ ನನ್ನ ಕಡೆ ನೋಡಲಿಲ್ಲ.

ತಲೆ ಎತ್ತಿದರೆ ಮಾವಶಿ ನಿಂತಿದ್ದಳು, ಸಿಂಪಿ ಎಬ್ಬಿಸುವ ಕತ್ತಿ ಕೈಯಲ್ಲಿ. ಮೇಲಿನಿಂದ ಎಲ್ಲವನ್ನೂ ನೋಡಿ, ಕೇಳಿಸಿಕೊಂಡಿದ್ದಳಂತೆ. ಹೊಂಡದೊಳಗೆ ಬಗ್ಗಿ ನೋಡಿದಳು, ಅಕ್ಕನ ಸೆರಗಿನಲ್ಲಿ ಕೂಡಿಟ್ಟಿದ್ದ ನುಚ್ಚನ್ನು ನೋಡಿದಳು. "ಅನ್ನ. ಇದಿಷ್ಟನ್ನು ಏಡಿಗಳೇ ಮಧ್ಯಾಹ್ನದೊಳಗೆ ಮುಗಿಸುತ್ತಿದ್ದವು. ಆದರೂ ಹಾಕಬಾರದಿತ್ತು" ಎಂದಳು. ನಾನು ಉಸಿರು ಬಿಟ್ಟೆ.

ಆಮೇಲೆ ಅವಳು ಕತ್ತಿಯ ತುದಿಯಿಂದ ನನ್ನ ಹಿಂದೆ ತೋರಿಸಿದಳು. "ಇದನ್ನು ಯಾರು ಮಾಡಿದ್ದು?"

ನಾನು ಓಡಿ ಬಂದ ದಾರಿ. ಬಂಡೆಯ ಮೇಲೆ ಕಂದು ಚಾಪೆಯಂತೆ ಹಬ್ಬಿದ್ದುದು ಪಾಚಿಯಲ್ಲ, ಅಂಗಿಯ ಗುಂಡಿಗಳಷ್ಟು ಚಿಕ್ಕ ಸಾವಿರಾರು ಜೀವಗಳು ಒತ್ತೊತ್ತಾಗಿ ಬದುಕುವ ಕೇರಿ. ನಾನೇ ಅರ್ಧ ಗಂಟೆ ಮೊದಲು ಅದರ ಪಾಠ ಮಾಡಿದ್ದೆ. ಅದರ ಮೇಲೆ ಬೂಟಿನ ಅಡಿಯ ಗೆರೆ ಗೆರೆ ಮೂಡಿ, ಹತ್ತು ಹನ್ನೆರಡು ಹೆಜ್ಜೆಯಷ್ಟು ಉದ್ದ, ಅರೆದು ಹೋಗಿತ್ತು. ಒಂದೆರಡು ಕಡಲ ಹೂಗಳು ಜಜ್ಜಿ ಹೋಗಿದ್ದವು. ಓಣಿಯವರು ಒಬ್ಬರ ಮುಖ ಒಬ್ಬರು ನೋಡದೆ ಸಮುದ್ರ ನೋಡಿದರು, ಬಹುಶಃ ಜೀವನದಲ್ಲಿ ಮೊದಲ ಸಲ ಅಷ್ಟು ಗಮನ ಕೊಟ್ಟು.

"ನಾನ" ಎಂದಳು ಅಕ್ಕ, ಮಾತು ತಿಳಿಯದಿದ್ದರೂ ಕತ್ತಿಯ ತುದಿ ನೋಡಿ.

ಮಾವಶಿ ಅವಳ ಕಾಲು ನೋಡಿದಳು. ಚರಗಕ್ಕೆ ಹೊಲಕ್ಕಿಳಿಯುವಾಗ ಯಾರೂ ಚಪ್ಪಲಿ ಮೆಟ್ಟುವುದಿಲ್ಲ, ಅಕ್ಕನೂ ಮೆಟ್ಟಿರಲಿಲ್ಲ. ಬರಿಗಾಲಿನಲ್ಲಿ, ಬೆಳೆಯ ನಡುವೆ ಒಂದು ಸಸಿಯನ್ನೂ ತುಳಿಯದೆ ಹೋಗುವ ಅದೇ ರೂಢಿಯಲ್ಲಿ, ಬೋಳು ಕಲ್ಲಿನಿಂದ ಬೋಳು ಕಲ್ಲಿಗೆ ಕಾಲಿಡುತ್ತ ತುದಿ ಮುಟ್ಟಿದ್ದಳು. ಅವಳು ಬಂದ ದಾರಿಯಲ್ಲಿ ಒಂದು ಗುರುತೂ ಇರಲಿಲ್ಲ. ಮಾವಶಿಯ ಕಣ್ಣು ಅಲ್ಲಿಂದ ನನ್ನ ಬೂಟಿಗೆ ಬಂದು ನಿಂತಿತು.

ನಾನು ತಕ್ಷಣ ಬಾಯಿ ಬಿಡಲಿಲ್ಲ. ಆ ಕ್ಷಣವನ್ನು ಮುಚ್ಚಿಟ್ಟು ಬರೆದರೆ ಇದನ್ನು ಬರೆಯುವುದೇ ಬೇಡ. ಮತ್ತೊಮ್ಮೆ ಅವಳ ಬಗಲಲ್ಲಿ ಕುಳಿತು ಪಾರಾಗಿಬಿಡೋಣ ಎಂದು ನನ್ನ ಒಳಗಿನ ಯಾವುದೋ ಒಂದು ಕೆಟ್ಟ ಜೀವ ಲೆಕ್ಕ ಹಾಕಿತು. ಆಮೇಲೆ, "ಆಕೀ ಅಲ್ಲ, ನಾನು" ಎಂದೆ.

"ಗೊತ್ತು" ಎಂದಳು ಮಾವಶಿ. "ಬರಿಗಾಲಿಗೆ ಹೆದರಿಕೆ ಇರುತ್ತದೆ, ನೋಡಿ ಇಡುತ್ತದೆ. ಬೂಟಿಗೆ ಏನು?" ಅವಳು ಸಿಟ್ಟು ಮಾಡಿದ್ದರೆ ನಾನೂ ವಾದಿಸುತ್ತಿದ್ದೆ, ವಾದದಲ್ಲಿ ನನ್ನನ್ನು ಗೆದ್ದವರು ಕಡಿಮೆ. ಅವಳು ಸಿಟ್ಟು ಮಾಡಲಿಲ್ಲ. "ಮಾತು ಮಾತೇ. ಕೊಂದದ್ದೂ ಒಯ್ದ ಹಾಗೆಯೇ. ನಿನಗೆ ಈ ಬಾಗಿಲು ಇಲ್ಲ" ಎಂದಳು. ಅಕ್ಕನ ಕಡೆ ತಿರುಗಿ, "ಇವಳಿಗೆ ಇದೆ. ಆ ಅನ್ನವನ್ನು ಮೇಲೆ, ನನ್ನ ತೆಂಗಿನ ಬುಡಕ್ಕೆ ಚೆಲ್ಲಲಿ. ಅಲ್ಲಿಯೂ ಭೂಮಿತಾಯಿ ಇದ್ದಾಳೆ" ಎಂದಳು.

ಅಕ್ಕನಿಗೆ ಕೊಂಕಣಿ ಅರ್ಥವಾಗದು. ನಾನೇ ತಗ್ಗಿದ ದನಿಯಲ್ಲಿ ತಿಳಿಸಿ ಹೇಳಬೇಕಾಯಿತು, ನನಗೆ ಬಾಗಿಲಿಲ್ಲ ಎನ್ನುವುದನ್ನೂ ಸೇರಿಸಿ. ಕೇಳಿ ಅಕ್ಕ ನುಚ್ಚಿದ್ದ ಸೆರಗನ್ನು ಗಂಟು ಹಾಕಿ ಎದ್ದು ನಿಂತಳು. ಮಾವಶಿಗೆ ಕನ್ನಡ ಎಷ್ಟು ತಿಳಿಯುತ್ತದೋ ನೋಡಲಿಲ್ಲ, ನೇರ ಅವಳ ಮುಖಕ್ಕೇ ಹೇಳಿದಳು: "ಹಂಗಾರ ನನಗೂ ಬ್ಯಾಡ್ರೀ ನಿಮ್ಮ ಬಾಗಲಾ. ನಮ್ಮ ಹುಡುಗಿ ಬಿಟ್ಟು ನಾ ಎಲ್ಲೂ ಹೋಗಾಕಿ ಅಲ್ಲ. ಬರತೀವಿ ಅಂದ್ರ ಇಬ್ಬರೂ ಬರತೀವಿ. ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಟ ಬರತಾಳ, ನಾ ಬರಸತೀನಿ."

ಅರವತ್ತು ದಾಟಿದ ನಾನು ಅವಳ ಬಾಯಲ್ಲಿ ಇನ್ನೂ ಹುಡುಗಿ. ಮಾವಶಿ ಇಬ್ಬರನ್ನೂ ಒಂದು ಗಳಿಗೆ ನೋಡಿದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಸಿಂಪಿ ಎಬ್ಬಿಸಲು ಹೋದಳು. ನೀರು ಏರತೊಡಗಿತ್ತು. ನಾವು ಮೇಲೆ ಬಂದಾಗ ಗಾಡಿಯವನು ಟೆಂಪೊಗೆ ಮಾಲೆ ಹಾಕಿ, ಕಾಯಿ ಒಡೆದು, ನಮಗಾಗಿ ಕಾದು ಕುಳಿತಿದ್ದ. ಅಕ್ಕ ತೆಂಗಿನ ಬುಡಕ್ಕೆ ಚರಗ ಚೆಲ್ಲಿ ಕೈಮುಗಿದಳು. ಜೋಯಿಡಾ ದಾಟಿದ ಮೇಲೆ ಅವಳೇ ಒಂದು ಕಡಬು ಮುರಿದು ಅರ್ಧ ನನ್ನ ಕೈಗಿಟ್ಟಳು.

ಆ ಬೂಟುಗಳನ್ನು ಓಣಿಯಲ್ಲಿ ಯಾರಿಗೋ ಕೊಟ್ಟುಬಿಟ್ಟೆ. ವರ್ಷವಿಡೀ ಮನೆಯ ಹಿಂದಿನ ಜಲ್ಲಿಯ ಮೇಲೆ ಬರಿಗಾಲಿನಲ್ಲಿ ನಡೆದೆ. ಡಾಕ್ಟರು ಬೈದರು, ನೆರೆಯವರು ನಕ್ಕರು, ನಾನು ಬಿಡಲಿಲ್ಲ. ತಡಿಕೆ ಮುಚ್ಚಿದ್ದರೆ ಬೇಲಿಯ ಹೊರಗೆ ಕುಳಿತುಕೊಳ್ಳುತ್ತೇನೆ, ನನಗೆ ಹಟ ಹಿಡಿದು ಕೂರುವುದು ಹೊಸದಲ್ಲ.

ಈ ವರ್ಷ ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ ಭಾವನವರು ತಾವೇ ಫೋನು ಮಾಡಿದರು. ಮತ್ತೆ ಅದೇ ರಾಗ: ಹೊಲ, ಚರಗ, ಮನೆಯ ಹಿರೇ ಹೆಣ್ಣುಮಗಳು. ನಾನು ಉತ್ತರ ಸಜ್ಜು ಮಾಡಿಕೊಳ್ಳುವಷ್ಟರಲ್ಲಿ ಆ ಕಡೆ ಅಕ್ಕ ಫೋನು ಕಸಿದುಕೊಂಡದ್ದು ಕೇಳಿಸಿತು.

"ನಾ ಹೋಗಾಕಬೇಕ್ರೀ" ಎಂದು ಗಂಡನಿಗೆ ಹೇಳುತ್ತಿದ್ದಳು. "ಆಕಿನ್ನ ಒಬ್ಬಾಕಿನ್ನ ಬಿಟ್ರ ಎಲ್ಲಾ ತುಳದ ಬಿಡತಾಳ."

ನನ್ನನ್ನು ಹೀಗೆ ಅಂದವರನ್ನು ನಾನು ಸುಮ್ಮನೆ ಬಿಟ್ಟದ್ದಿಲ್ಲ. ಅವಳನ್ನು ಬಿಟ್ಟೆ. "ಅಕ್ಕಾ, ಬುಟ್ಟಿ ತಗೊಂಡ ಬಾ" ಎಂದೆ.